ಮೈಸೂರರಸರೂ ರಷ್ಯ-ಹಂಗೇರಿಗಳ ವಾದ್ಯವೃಂದ ಸಂಗೀತವೂ

ಶ್ರೀ ಜಯಚಾಮರಾಜೇಂದ್ರ ಒಡೆಯರ (1919-1974) ಸಂಗೀತಾಭಿಮಾನದ ಮಾತು ಬಂದಾಗ, ಶ್ರೀವಿದ್ಯಾ ಅಂಕಿತದ ಅವರ 94 ಕೃತಿಗಳನ್ನು ನಮ್ಮವರು ನೆನೆಯುತ್ತಾರೆ. ಪಾಶ್ಚಾತ್ಯ ವಾದ್ಯವೃಂದಕ್ಕೆ ಅವರಿತ್ತ ಆಶ್ರಯ ಇಲ್ಲಿಗಿಂತ ಲಂಡನ್ನಿನಲ್ಲಿಯೇ ಹೆಚ್ಚು ಪ್ರಸಿದ್ಧ. ಅದಕ್ಕೆ ಕಾರಣವಿಲ್ಲದಿಲ್ಲ. ಆ ಸಂಗೀತ ಹುಟ್ಟಿದ್ದು ಮೈಸೂರಿನ ಸಭಾಂಗಣದಲ್ಲಲ್ಲ, ಲಂಡನ್ನಿನ ಧ್ವನಿಮುದ್ರಣ ಶಾಲೆಗಳಲ್ಲಿ.

ರಷ್ಯದ ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಜನಿಸಿ, 1921ರಲ್ಲಿ ತಾಯ್ನಾಡನ್ನು ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದವನು. ಅವನ ಕೃತಿಗಳಿಗೆ ಕೇಳುಗರು ವಿರಳ. ಪಿಯಾನೊ ಬಲ್ಲವರಾಗಿದ್ದ ಅರಸರು ಅವನ ಹೆಸರಿನಲ್ಲಿ ಒಂದು ಸಂಘವನ್ನೇ ಕಟ್ಟಿ, ಅವನ ಮೂರು ಕನ್ಚರ್ಟೊಗಳನ್ನೂ ಹಲವು ಗೀತೆಗಳನ್ನೂ ಅವನ ಕೈಯಲ್ಲಿಯೇ ನುಡಿಸಿ ಮುದ್ರಿಸಲು ವೆಚ್ಚವನ್ನು ವಹಿಸಿದರು. ಜತೆಗೂಡಿದ್ದು 1945ರಲ್ಲಿ ವಾಲ್ಟರ್ ಲೆಗ್ ಸ್ಥಾಪಿಸಿದ ಫಿಲ್‌ಹಾರ್ಮೋನಿಯ ಮೇಳ. ಆ ಮೇಳಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನಂತೆ ನೆರವು ದೊರೆಯಿತೆಂದು ಲೆಗ್ ತಾನೇ ಬರೆದಿದ್ದಾನೆ. ಬಲಾಕಿರೆವನ ಮೊದಲ ಸಿಂಫೊನಿ 1949ರಲ್ಲಿ ಕಾರಾಯನ್ನನ ನಿರ್ದೇಶನದಲ್ಲಿ ಮುದ್ರಣಗೊಂಡುದೂ ಅರಸರ ಅಪೇಕ್ಷೆಯಂತೆಯೇ. ನೆರವಿನಿಂದ ಕಾಲೂರಿದ ಅದೇ ಮೇಳ, ಅದೇ ನಿರ್ದೇಶಕನ ಕೈಯಲ್ಲಿ, ಅದೇ ವರ್ಷ ಹಂಗೇರಿಯ ಬಾರ್ತೋಕನ ತಂತಿವಾದ್ಯ, ತಾಳವಾದ್ಯ ಮತ್ತು ಸೆಲೆಸ್ಟಗಳ ಕೃತಿಯನ್ನೂ ನುಡಿಸಿತು. 1936ರಲ್ಲಿ ರಚಿತವಾದ ಆ ಕೃತಿಯ ಕರ್ತೃ ಅಷ್ಟರಲ್ಲಿ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.

ಕಾಲವನ್ನು ಗಮನಿಸಬೇಕು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಸಂಸ್ಥಾನವನ್ನೇ ಕಲಕಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳು ಆಗ ಈ ಸಂಸ್ಥಾನದ ತಾಲ್ಲೂಕುಗಳು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಅಂಥ ಹೊತ್ತಿನಲ್ಲಿ ದೂರದೇಶದ ಮೇಳಕ್ಕೆ ಹಣ ಸಂದುದು ಯುಕ್ತವೇ ಎಂದು ಆ ರೈತರ ಪರವಾಗಿ ಕೇಳಬೇಕಾದುದೇ. ಬರಿಯ ಪ್ರಶಂಸೆ ಇತಿಹಾಸವಲ್ಲ. ಆದರೆ ಲಾಭವನ್ನೆಣಿಸುವ ಯಾವ ಕಂಪನಿಯೂ ಅಂದು ಮೆಟ್ನರನ ಕನ್ಚರ್ಟೊಗಳನ್ನು ಮುದ್ರಿಸಲು ಮುಂದಾಗುತ್ತಿರಲಿಲ್ಲವೆಂಬುದೂ ನಿಜ. ಒಂದು ಮುಖಕ್ಕೆ ನಾಲ್ಕೈದು ನಿಮಿಷವಷ್ಟೇ ಹಿಡಿಯುವ ಅಂದಿನ ತಟ್ಟೆಗಳಲ್ಲಿ ಅರ್ಧ ಗಂಟೆಯ ಕೃತಿಯೆಂದರೆ ಹಲವು ತಟ್ಟೆಗಳ ವೆಚ್ಚ.

ವಿಳಂಬಕ್ಕೂ ಅವಕಾಶವಿರಲಿಲ್ಲ. ಮೆಟ್ನರನ ಹೃದಯ ಕ್ಷೀಣಿಸುತ್ತಿತ್ತು. 1951ರ ನವೆಂಬರಿನಲ್ಲಿ ಅವನು ತೀರಿಕೊಂಡನು. ಕರ್ತೃವೇ ಆ ಕನ್ಚರ್ಟೊಗಳನ್ನು ಹೇಗೆ ನುಡಿಸುತ್ತಿದ್ದನೆಂಬುದು ಇಂದು ಕಿವಿಗೆ ದೊರೆಯುವುದು ಈ ತಟ್ಟೆಗಳಿಂದ. 1944ರಲ್ಲಿ ಲಂಡನ್ನಿನಲ್ಲಿ ಅವನು ಮೊದಲಿಗೆ ನುಡಿಸಿದ್ದ ಮೂರನೆಯ ಕನ್ಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ.