ಒಂದೇ ಸಲಕ್ಕೆ 64 ಬಿಟ್: ಕರ್ನಲ್ ಕೊಡಲಾಗದ ಭರವಸೆ

ಡ್ರೈವರ್ ಕೋಡಿನಲ್ಲಿ ಹಾರ್ಡ್‌ವೇರ್ ರಿಜಿಸ್ಟರ್ ಮೆಮೊರಿಯ ಒಂದು ವಿಳಾಸದಂತೆಯೇ ಕಾಣುತ್ತದೆ. ವರ್ತನೆ ಮಾತ್ರ ಬೇರೆ. ಕೆಲವು ರಿಜಿಸ್ಟರುಗಳು ಓದಿದೊಡನೆ ಖಾಲಿಯಾಗುತ್ತವೆ. ಕೆಲವಕ್ಕೆ ಬರೆದದ್ದೇ ತಡ, ಸಾಧನ ಕೆಲಸಕ್ಕೆ ಇಳಿಯುತ್ತದೆ. 64 ಬಿಟ್‌ನ ಇಂಥ ರಿಜಿಸ್ಟರನ್ನು 32 ಬಿಟ್‌ನ ಪ್ರೊಸೆಸರು ಎರಡು ಕಂತಿನಲ್ಲಿ ಮುಟ್ಟಿದರೆ, ನಡುವಿನ ಸಂದಿಯಲ್ಲಿ ಏನು ಬೇಕಾದರೂ ನುಸುಳಬಹುದು.

ಇದರ ಸರಳ ರೂಪ ಪಿಸಿಗಳ ಎಚ್‌ಪಿಇಟಿ ಟೈಮರಿನಲ್ಲಿದೆ. ಅದರ ಎಣಿಕೆ ಸಾಮಾನ್ಯವಾಗಿ 14.318 ಮೆಗಾಹರ್ಟ್ಸ್ ವೇಗದಲ್ಲಿ ಏರುವುದರಿಂದ ಕೆಳಗಿನ 32 ಬಿಟ್‌ಗಳು ಸುಮಾರು ಐದು ನಿಮಿಷಕ್ಕೊಮ್ಮೆ ತುಂಬಿ ಸೊನ್ನೆಗೆ ಮರಳುತ್ತವೆ. ಮೇಲರ್ಧ ಓದಿ ಕೆಳರ್ಧಕ್ಕೆ ಬರುವಷ್ಟರಲ್ಲಿ ಆ ಗಳಿಗೆ ಸಂದರೆ, ಕಾಲ 429 ಕೋಟಿ ಎಣಿಕೆಯಷ್ಟು ಹಿಂದಕ್ಕೆ ಸರಿದಂತೆ ತೋರುತ್ತದೆ. ಮದ್ದು ಸುಲಭ: ಮೇಲರ್ಧವನ್ನು ಮತ್ತೊಮ್ಮೆ ಓದುವುದು, ಬದಲಾಗಿದ್ದರೆ ಮೊದಲಿಂದ ಶುರುಮಾಡುವುದು. ಲಿನಕ್ಸ್ ಕರ್ನಲ್ ಆ ಗೋಜಿಗೂ ಹೋಗದೆ ಕೆಳಗಿನ 32 ಬಿಟ್‌ಗಳನ್ನಷ್ಟೇ ಬಳಸಿಕೊಂಡಿತು. ಆದರೆ ಬರೆಯುವ ರಿಜಿಸ್ಟರಿಗೆ ಈ ಮದ್ದು ನಾಟದು. ಕಳಿಸಿದ ಆಜ್ಞೆಯನ್ನು ಹಿಂದಕ್ಕೆ ಕರೆಯುವಂತಿಲ್ಲ.

ಲಿನಕ್ಸಿನಲ್ಲಿ 64 ಬಿಟ್ ಓದಲು ರೀಡ್‌ಕ್ಯೂ, ಬರೆಯಲು ರೈಟ್‌ಕ್ಯೂ ಎಂಬ ಫಂಕ್ಷನ್ನುಗಳಿವೆ. 32 ಬಿಟ್‌ನ ಎಕ್ಸ್86ಗೆ ಇವು ಇರಲಿಲ್ಲ. ಡ್ರೈವರುಗಳು ತಂತಮ್ಮ ಆವೃತ್ತಿ ಹೊಲಿದುಕೊಂಡಿದ್ದವು. 2008ರಲ್ಲಿ ಕರ್ನಲ್ ಡೆವಲಪರ್ ಹಿತೋಶಿ ಮಿತಾಕೆ ಎರಡು 32 ಬಿಟ್ ಹೆಜ್ಜೆಗಳನ್ನು ಜೋಡಿಸಿ ಅದೇ ಹೆಸರುಗಳನ್ನು ಅಲ್ಲಿಗೂ ತಂದರು. ನೋಡಲು ಅಚ್ಚುಕಟ್ಟು. ಏಟು ಬಿದ್ದದ್ದು ಎಲ್‌ಎಸ್‌ಐ ಡಿಸ್ಕ್ ಕಾರ್ಡುಗಳ ಎಂಪಿಟಿ2ಸ್ಯಾಸ್ ಡ್ರೈವರಿಗೆ. ರೈಟ್‌ಕ್ಯೂ ಇಲ್ಲದ ಕಡೆ ಅದು ಸ್ಪಿನ್‌ಲಾಕ್ ಹಿಡಿದು, ಬೇರೆ ಪ್ರೊಸೆಸರುಗಳನ್ನು ಕಾಯಿಸಿ, ಎರಡು ಅರ್ಧಗಳನ್ನು ಬರೆಯುತ್ತಿತ್ತು. ಇದ್ದ ಕಡೆ ಲಾಕ್ ಬೇಡವೆಂದು ನಂಬಿ ನೇರವಾಗಿ ಬರೆಯುತ್ತಿತ್ತು. ಈಗ ಹೆಸರೇನೋ ಇದೆ, ಒಂದೇ ಏಟಿಗೆ ಬರೆಯುವ ಅಖಂಡತೆ ಇಲ್ಲ. ಒಂದು ಪ್ರೊಸೆಸರಿನ ಕೆಳರ್ಧದ ಬೆನ್ನಿಗೇ ಇನ್ನೊಂದರದ್ದು ಬಂದರೆ ಕಾರ್ಡಿಗೆ ತಲುಪುವುದು ಯಾರೂ ಕಳಿಸದ ಕಲಬೆರಕೆ ಆಜ್ಞೆ. ಕಂಪೈಲರ್ ಚಕಾರ ಎತ್ತುವುದಿಲ್ಲ. ಕಂಪೈಲ್ ಆಗದೆ ನಿಂತ ಡ್ರೈವರಿಗಿಂತ ಇದು ಎಷ್ಟೋ ಪಾಲು ಕೆಟ್ಟದ್ದು.

2011ರಲ್ಲಿ ಇನ್ನೊಬ್ಬ ಡೆವಲಪರ್ ರೋಲಂಡ್ ಡ್ರೈಯರ್ 32 ಬಿಟ್‌ನ ಆ ರೀಡ್‌ಕ್ಯೂ, ರೈಟ್‌ಕ್ಯೂಗಳನ್ನು ಕಿತ್ತುಹಾಕಿದರು. ಹೇಗೆ ಒಡೆಯಬೇಕೆಂಬುದು ಆಯಾ ಹಾರ್ಡ್‌ವೇರಿಗೆ ಬಿಟ್ಟದ್ದು, ಹಾಗಾಗಿ ಅದು ಡ್ರೈವರಿನ ಹೊಣೆ ಎಂಬುದು ಅವರ ವಾದ. ಮರುವರ್ಷ ಮಿತಾಕೆ ಅವರೇ ಎರಡು ಹೆಡರ್ ಕಡತಗಳನ್ನು ಕೊಟ್ಟರು: ಒಂದು ಕೆಳರ್ಧ ಮೊದಲು, ಇನ್ನೊಂದು ಮೇಲರ್ಧ ಮೊದಲು. ಎರಡರ ಹೆಸರಿನಲ್ಲೂ 'ನಾನ್‌ಅಟಾಮಿಕ್', ಅಂದರೆ ಅಖಂಡವಲ್ಲ, ಎಂದು ಬರೆದಿದೆ. ಬೇಕಾದವರು ಕಣ್ತೆರೆದೇ ಸೇರಿಸಿಕೊಳ್ಳಬೇಕು. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ನಿಷ್ಠುರ ನಾಮಕರಣವೇ. ಯುಎಸ್‌ಬಿಯ ಎಕ್ಸ್‌ಎಚ್‌ಸಿಐ ಮತ್ತು ಎನ್‌ವಿಎಂಇ ಡ್ರೈವರುಗಳು ಇಂದಿಗೂ ಕೆಳರ್ಧ ಮೊದಲಿಡುವ ಕ್ರಮವನ್ನೇ ಬಳಸುತ್ತವೆ.

64 ಬಿಟ್ ಪ್ರೊಸೆಸರುಗಳು ಎಲ್ಲೆಡೆ ಬಂದಮೇಲೆ ಜಗಳ ತಣ್ಣಗಾಗಿ, ಅಳತೆ ದೊಡ್ಡದಾಯಿತು. ಈಗಿನ ವೇಗವರ್ಧಕಗಳು 64 ಬೈಟಿನ ಆಜ್ಞೆಯನ್ನು ಒಂದೇ ಏಟಿಗೆ ಕೇಳುತ್ತವೆ. ಇದಕ್ಕಾಗಿ ಇಂಟೆಲ್ ಮೂವ್‌ಡಿರ್64ಬಿ ಸೂಚನೆಯನ್ನು ತಂದಿತು. ಆರ್ಮ್ ತನ್ನ ವಿ8.7ರಲ್ಲಿ ಎಸ್‌ಟಿ64ಬಿ ಸೇರಿಸಿತು. ಇಲ್ಲೂ ಭರವಸೆಯ ಅಂಚು ನೋಡಿಕೊಳ್ಳಬೇಕು: ಇಂಟೆಲ್‌ನ ಸೂಚನೆ ಸಾಧನಕ್ಕೆ ಬರೆಯುವ 64 ಬೈಟುಗಳನ್ನು ಅಖಂಡವಾಗಿ ತಲುಪಿಸುತ್ತದೆ, ಆದರೆ ಮೆಮೊರಿಯಿಂದ ಅವನ್ನು ಅಖಂಡವಾಗಿ ಓದಿಕೊಳ್ಳುವ ಖಾತರಿ ಕೊಡುವುದಿಲ್ಲ.