ಬಂದೂಕಿನ ಮೇಲೊಂದು ದಾನಶಾಸನ: ಪ್ಲಾಟ್ಸ್‌ಬರ್ಗ್‌ನ ಹಾಲ್ ರೈಫಲ್‌ಗಳು

ಶಾಸನ ಅಂದಕೂಡಲೇ ನಮ್ಮ ಕಣ್ಣಮುಂದೆ ಬರೋದು ಕಲ್ಲು, ತಾಮ್ರಪಟ. ಆದರೆ ಬಂದೂಕಿನ ಮೇಲೂ ದಾನಶಾಸನ ಇರಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್ ಊರಿನ ಹುಡುಗರಿಗೆ ಸಿಕ್ಕ ಹಾಲ್ ರೈಫಲ್‌ಗಳನ್ನು ನಾನು ಆ ಸಾಲಿಗೇ ಸೇರಿಸುತ್ತೇನೆ. ಅವುಗಳಿಗೆ ಜಡಿದ ಬೆಳ್ಳಿ ಫಲಕದಲ್ಲಿ ಪಡೆದವನ ಹೆಸರಿದೆ, ಮುತ್ತಿಗೆಯಲ್ಲಿ ಅವನು ತೋರಿದ ಶೌರ್ಯದ ಉಲ್ಲೇಖವಿದೆ.

1814ರ ಸೆಪ್ಟೆಂಬರ್‌ನಲ್ಲಿ ಸರ್ ಜಾರ್ಜ್ ಪ್ರೆವೋಸ್ಟ್ ನಾಯಕತ್ವದ ಬ್ರಿಟಿಷ್ ಸೇನೆ ಕೆನಡಾ ಕಡೆಯಿಂದ ಈ ಊರಿನ ಮೇಲೆ ಬಂತು. ರಕ್ಷಣೆಯ ಹೊಣೆ ಜನರಲ್ ಅಲೆಕ್ಸಾಂಡರ್ ಮೆಕೂಂಬ್‌ನದು. ಊರಿನ ಶಾಲೆಯ ಹುಡುಗರು, ಹೆಚ್ಚಿನವರಿಗೆ ಸೇನೆ ಸೇರುವ ವಯಸ್ಸೂ ಆಗಿರಲಿಲ್ಲ, ಮಾರ್ಟಿನ್ ಐಕಿನ್ ಮುಂದಾಳತ್ವದಲ್ಲಿ ಗುಂಪು ಕಟ್ಟಿ ಸಾರನಾಕ್ ಹೊಳೆಯ ದಂಡೆಯಲ್ಲಿ ಕಾದಿದರು. ಸೆಪ್ಟೆಂಬರ್ 11ರಂದು ಷಾಂಪ್ಲೇನ್ ಸರೋವರದಲ್ಲಿ ಬ್ರಿಟಿಷ್ ನೌಕಾಪಡೆ ಸೋತಿತು, ಪ್ರೆವೋಸ್ಟ್ ಹಿಂದೆ ಸರಿದ. ಹುಡುಗರಿಗೆ ತಲಾ ಒಂದು ರೈಫಲ್ ಕೊಡಿಸುವುದಾಗಿ ಮೆಕೂಂಬ್ ಮಾತು ಕೊಟ್ಟಿದ್ದ.

ಆ ಮಾತು ನಡೆಯಲು 12 ವರ್ಷ ಹಿಡಿಯಿತು. 1826ರ ಮೇ 20ರ ನಿರ್ಣಯದ ಮೂಲಕ ಅಮೆರಿಕದ ಕಾಂಗ್ರೆಸ್ 17 ಜನರನ್ನು ಹೆಸರಿಸಿ ರೈಫಲ್ ಕೊಡಲು ಒಪ್ಪಿತು. ಅಷ್ಟರಲ್ಲಿ ಹುಡುಗರು ಗೃಹಸ್ಥರಾಗುವ ವಯಸ್ಸಿಗೆ ಬಂದಿದ್ದರು.

ಇಲ್ಲಿ ಕಾಲನಿರ್ಣಯ ಮಾಡುವಾಗ ಸ್ವಲ್ಪ ಎಚ್ಚರ ಬೇಕು. ಫಲಕ ಹೇಳುವ ಘಟನೆ 1814ರದು, ಕೊಡುಗೆ 1826ರದು. ಬಂದೂಕಿನ ಲೋಹದ ಮೇಲೆ ಹಾಲ್‌ನ ಹೆಸರು, ಹಾರ್ಪರ್ಸ್ ಫೆರಿ ಕಾರ್ಖಾನೆಯ ಗುರುತಿನ ಜೊತೆ ಕೊರೆದ ಇಸವಿ ತಯಾರಿಯದು. ನಳಿಗೆಯ ಬಾಯಿಂದ ಮದ್ದು ಗಿಡಿಯದೆ ಹಿಂಬದಿಯಿಂದ ತುಂಬುವ ಈ ರೈಫಲ್ 1819ರ ಮಾದರಿ. ಅಂದಮೇಲೆ ಹುಡುಗರು ಕಾದಿದ್ದು ಈ ಬಂದೂಕಿನಿಂದಲ್ಲ!

ಇನ್ನೊಂದು ಮಾತು. ಫಲಕವನ್ನಷ್ಟೇ ಓದಿದರೆ ಇದು ಸರ್ಕಾರ ಮೆಚ್ಚಿ ಕೊಟ್ಟ ಬಹುಮಾನ. ಆದರೆ ನಿರ್ಣಯದ ತಲೆಬರಹದಲ್ಲೇ ಇವು ಮಾತು ಕೊಟ್ಟಿದ್ದ ರೈಫಲ್‌ಗಳು ಎಂದಿದೆ. ನನ್ನ ಓದಿನಲ್ಲಿ ಇದು ಬಹುಮಾನಕ್ಕಿಂತ ಹೆಚ್ಚಾಗಿ ತಡವಾಗಿ ತೀರಿದ ಋಣ. ಬೆಳ್ಳಿಯ ಮೇಲೆ ಶೌರ್ಯ ಉಳಿಯಿತು, ಕಾಯಿಸಿದ ಲೆಕ್ಕ ಕಾಗದದಲ್ಲಿ ಉಳಿಯಿತು. ಬೆಳ್ಳಿ ಫಲಕ ಜಡಿದ ಹಾಲ್ ರೈಫಲ್ ಎಲ್ಲಾದರೂ ಕಣ್ಣಿಗೆ ಬಿದ್ದರೆ, ಮೊದಲು ಆ ಹೆಸರು 17ರಲ್ಲಿ ಇದೆಯೇ ಅಂತ ನೋಡಿ.