ರಸೆಲ್ ಮಾರ್ಕೆಟ್: ವ್ಯಾಪಾರಿಗಳು ಉಳಿಸಿಕೊಂಡ ಪರಂಪರೆ

ಚರಿತ್ರೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕೋಟೆ, ಅರಮನೆ, ಗುಂಬಜ್‌ಗಳು. ವಿದ್ಯಾರ್ಥಿ ಮಿತ್ರರೇ, ತರಕಾರಿ, ಹಣ್ಣು, ಮೀನು, ಮಾಂಸ ಮಾರುವ ಜಾಗಕ್ಕೂ ಚರಿತ್ರೆಯಿದೆ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟನ್ನೇ ತೆಗೆದುಕೊಳ್ಳಿ.

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ತಮ್ಮ ಸೈನ್ಯಕ್ಕಾಗಿ ದಂಡು ಪ್ರದೇಶವನ್ನು ಸ್ಥಾಪಿಸಿದರು. 1881ರಲ್ಲಿ ಮೈಸೂರು ರಾಜ್ಯ ಮತ್ತೆ ಒಡೆಯರ ಕೈಸೇರಿದರೂ ದಂಡು ಬ್ರಿಟಿಷರ ಬಳಿಯೇ ಉಳಿಯಿತು. ಹೀಗಾಗಿ ಹಳೆಯ ಪೇಟೆಗೊಂದು, ದಂಡಿಗೊಂದು ಪ್ರತ್ಯೇಕ ಮುನಿಸಿಪಾಲಿಟಿಗಳಿದ್ದವು. ದಂಡಿನ ಜನರ ದಿನಬಳಕೆಯ ಸಾಮಗ್ರಿಗಳೆಲ್ಲ ಒಂದೇ ಸೂರಿನಡಿ ಸಿಗಲೆಂದು 1927ರಲ್ಲಿ ಈ ಮಾರುಕಟ್ಟೆಯನ್ನು ಕಟ್ಟಲಾಯಿತು. ಇದಕ್ಕೆ ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರಿಟ್ಟರು. ಇಂಡೋ-ಸಾರ್ಸೆನಿಕ್ ಶೈಲಿಯ ಕಮಾನುಗಳು ಮತ್ತು ನೆತ್ತಿಯ ಗಡಿಯಾರ ಇಂದಿಗೂ ಅದರ ಗುರುತುಗಳು.

1933ರಲ್ಲಿ ಇದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ಹೆಸರಾಂತ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಟ್. ಇದೇ ಶಿವಾಜಿನಗರದಲ್ಲಿ ಅವರ ದಾನದಿಂದ ಕಟ್ಟಿದ ಹೆರಿಗೆ ಆಸ್ಪತ್ರೆಯೊಂದಿದೆ. ಪರದೆಯ ಹೆಂಗಸರೂ ಸಂಕೋಚವಿಲ್ಲದೆ ಬರಲೆಂದು ಕಟ್ಟಿದ್ದರಿಂದ ಅದಕ್ಕೆ ಗೋಷಾ ಆಸ್ಪತ್ರೆ ಎಂದೇ ಹೆಸರು.

1947ರ ಜುಲೈನಲ್ಲಿ ದಂಡು ಮೈಸೂರು ಸರ್ಕಾರಕ್ಕೆ ಮರಳಿತು. 1949ರಲ್ಲಿ ಎರಡೂ ಮುನಿಸಿಪಾಲಿಟಿಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಆಡಳಿತ ಬದಲಾದರೂ ಮಾರುಕಟ್ಟೆಯ ಸ್ವಭಾವ ಬದಲಾಗಲಿಲ್ಲ. ಎದುರಿಗೇ ಸಂತ ಮೇರಿ ಬೆಸಿಲಿಕಾ, ಸುತ್ತ ಮಸೀದಿ, ದೇವಸ್ಥಾನಗಳು. ರಂಜಾನಿನ ಖರ್ಜೂರಕ್ಕೂ, ಕ್ರಿಸ್‌ಮಸ್ ಊಟದ ಮಾಂಸಕ್ಕೂ, ಪೂಜೆಯ ಹೂವಿಗೂ ಜನ ಬರುವುದು ಇಲ್ಲಿಗೇ. ಇಲ್ಲಿನ ವ್ಯಾಪಾರಿಗಳು ಗಿರಾಕಿಯ ಭಾಷೆ ಯಾವುದೋ ಅದರಲ್ಲೇ ದರ ಹೇಳುತ್ತಾರೆ.

2012ರ ಫೆಬ್ರವರಿ 25ರ ನಸುಕಿನಲ್ಲಿ ಭಾರೀ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟುಹೋದವು. ಅನೇಕ ಕುಟುಂಬಗಳ ತಲೆಮಾರುಗಳ ದುಡಿಮೆ ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಕಟ್ಟಡ ನಗರಪಾಲಿಕೆಯದು, ನಷ್ಟ ಮಾತ್ರ ವ್ಯಾಪಾರಿಗಳದು. ಆದರೆ ಅವರು ನೆರವಿಗೆ ಕಾಯುತ್ತಾ ಕೂರಲಿಲ್ಲ. ತಮ್ಮತಮ್ಮಲ್ಲೇ ಹಣ ಕೂಡಿಸಿ ಸುಟ್ಟ ಭಾಗವನ್ನು ದುರಸ್ತಿ ಮಾಡಿಸಿ ಮತ್ತೆ ಅಂಗಡಿ ತೆರೆದರು.

ಓದುಗರೇ, ಇಲ್ಲಿ ನಮಗೊಂದು ಪಾಠವಿದೆ. ಹಳೆಯ ಕಟ್ಟಡ ಉಳಿಯುವುದು ಕಲ್ಲು-ಗಾರೆಯ ಬಲದಿಂದಷ್ಟೇ ಅಲ್ಲ, ಅದನ್ನು ತಮ್ಮದೆಂದು ತಿಳಿದವರ ಒಗ್ಗಟ್ಟಿನಿಂದ. ನಿಮ್ಮ ಊರಿನಲ್ಲೂ ಇಂಥ ಹಳೆಯ ಮಾರುಕಟ್ಟೆ ಇದ್ದೀತು. ಅಲ್ಲಿನ ಹಿರಿಯ ವ್ಯಾಪಾರಿಗಳನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ. ಅವರ ನೆನಪು ಅವರೊಂದಿಗೇ ಹೋದರೆ ಮತ್ತೆ ಎಲ್ಲಿಯೂ ಸಿಗದು.